ವಿಮೆಯ ಬಾಗಿಲಿಗೆ ಎಷ್ಟು ಮೆಟ್ಟಿಲು?

'ವಿಮೆ' ಎಂಬ ಮಾತು ನಮ್ಮ ನುಡಿಗೆ ಹಿಂದೂಸ್ತಾನಿಯ 'ಬೀಮಾ' ಎಂಬುದರ ದಾರಿಯಾಗಿ ಬಂದದ್ದು. ಅದರ ಬೇರು ಪಾರಸಿ ಭಾಷೆಯ 'ಬೀಮ್', ಎಂದರೆ ಭಯ. ಮಾತು ಹೊರಗಿನದಾದರೂ ಅದು ಸೂಚಿಸುವ ಭಾವನೆ ನಮ್ಮ ಹಳ್ಳಿಗಾಡಿಗೆ ಹೊಸದಲ್ಲ. ಮದುವೆಯ ಮನೆಗೆ ಮುಯ್ಯಿ ಕೊಡುವುದು, ನಾಟಿಯ ಕಾಲದಲ್ಲಿ ಮುಯ್ಯಾಳುಗಳಾಗಿ ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ದುಡಿಯುವುದು, ಇವೆಲ್ಲ ಒಬ್ಬನ ಮೇಲೆ ಒಮ್ಮೆಗೇ ಬೀಳುವ ಭಾರವನ್ನು ಹತ್ತು ಜನ ಹಂಚಿಕೊಳ್ಳುವ ಉಪಾಯಗಳೇ. ಆದರೆ ಮದುವೆ, ನಾಟಿ ಇವು ಎಲ್ಲರ ಮನೆಗೂ ಬರುವಂಥವು. ಬರುವ ಕಾಲವೂ ಹೆಚ್ಚುಕಡಮೆ ಗೊತ್ತಿರುವಂಥವು. ಕಾಯಿಲೆ ಹಾಗಲ್ಲ. ಅದು ಯಾರ ಮನೆಗೆ, ಯಾವಾಗ, ಎಷ್ಟು ಭಾರ ಹೊತ್ತು ಬರುತ್ತದೆ ಎಂದು ಹೇಳುವವರಿಲ್ಲ. ಆದ್ದರಿಂದಲೇ ಕಾಯಿಲೆಯ ಮುಯ್ಯಿಗೆ ಊರು ಸಾಲದು, ಬಳಗ ಸಾಲದು. ಒಬ್ಬರನ್ನೊಬ್ಬರು ಕಂಡರಿಯದ ಲಕ್ಷಾಂತರ ಮಂದಿಯ ಕೂಟ ಬೇಕಾಗುತ್ತದೆ. ಅಂಥ ಕೂಟವನ್ನು ಕಟ್ಟುವುದು ಹೇಗೆ, ಅದರೊಳಗೆ ಯಾರನ್ನು ಸೇರಿಸಿಕೊಳ್ಳುವುದು, ಯಾರು ಹೊರಗುಳಿಯುತ್ತಾರೆ ಎಂಬ ಪ್ರಶ್ನೆಗಳಿಗೆ ಸರ್ಕಾರಗಳು ಕಾಲಕಾಲಕ್ಕೆ ಕೊಟ್ಟ ಉತ್ತರವನ್ನೇ ನಾವು ಆರೋಗ್ಯ ಸುಧಾರಣೆ ಎಂದು ಕರೆಯುತ್ತೇವೆ.

ನಾನು ಆರ್ಥಿಕ ಶಾಸ್ತ್ರಜ್ಞನಲ್ಲ, ವೈದ್ಯನಂತೂ ಅಲ್ಲ. ಬದುಕೆಲ್ಲ ಕನ್ನಡ ಪಾಠ ಹೇಳಿದವನು. ಆದರೂ ಈ ವಿಷಯವನ್ನು ಕುರಿತು ಮಾತಾಡುವ ಧೈರ್ಯ ಮಾಡಿರುವುದಕ್ಕೆ ಕಾರಣವಿದೆ. ಈ ಸುಧಾರಣೆಗಳ ಭಾಷೆ ಸಾಮಾನ್ಯನಿಗೆ ತಿಳಿಯುವಂತಿಲ್ಲ. ತಿಳಿಯದ ಕಾರಣಕ್ಕೇ ಎಷ್ಟೋ ಮನೆಗಳು ತಮಗೆ ಇದ್ದ ಹಕ್ಕನ್ನು ಬಳಸಿಕೊಳ್ಳದೆ ಒಡವೆ ಮಾರಿವೆ, ಬಡ್ಡಿಗೆ ಸಾಲ ತಂದಿವೆ. ಕಠಿಣವಾದ ಪಠ್ಯವನ್ನು ಬಿಡಿಸಿ ಹೇಳುವುದು ಅಧ್ಯಾಪಕನ ಕೆಲಸ. ಇದನ್ನೂ ಅಂಥದೊಂದು ಪಠ್ಯವೆಂದು ಭಾವಿಸೋಣ.

ಮೊದಲು ವಿಮೆಯ ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ ಸಾವಿರ ಮನೆಗಳಿವೆ ಎಂದು ಭಾವಿಸಿ. ವರ್ಷದಲ್ಲಿ ಹತ್ತು ಮನೆಗಳಲ್ಲಿ ದೊಡ್ಡ ಕಾಯಿಲೆ ಬಂದು, ಒಂದೊಂದಕ್ಕೂ ಲಕ್ಷ ರೂಪಾಯಿ ಖರ್ಚಾಗುತ್ತದೆ. ಒಟ್ಟು ಖರ್ಚು ಹತ್ತು ಲಕ್ಷ. ಸಾವಿರ ಮನೆಗಳೂ ವರ್ಷದ ಮೊದಲಲ್ಲೇ ತಲಾ ಸಾವಿರ ರೂಪಾಯಿ ಕೊಟ್ಟಿದ್ದರೆ ಆ ಹತ್ತು ಮನೆಗಳು ಸಾಲ ಮಾಡಬೇಕಾಗಿಲ್ಲ. ಇದು ಸುಂದರವಾದ ಲೆಕ್ಕ. ಆದರೆ ಇದರಲ್ಲೊಂದು ಬಿರುಕಿದೆ. ಗಟ್ಟಿಮುಟ್ಟಾದ ಐನೂರು ಮನೆಗಳವರು 'ನಮಗೇಕೆ?' ಎಂದು ಹೊರಗೆ ನಿಂತರೆಂದುಕೊಳ್ಳಿ. ಕಾಯಿಲೆಯ ಹತ್ತು ಮನೆಗಳಂತೂ ಒಳಗೇ ಇರುತ್ತವೆ. ಆಗ ತಲಾ ಎರಡು ಸಾವಿರ ಕೊಡಬೇಕಾಗುತ್ತದೆ. ಎರಡು ಸಾವಿರ ಹೆಚ್ಚಾಯಿತೆಂದು ಇನ್ನಷ್ಟು ಮನೆಗಳು ಬಿಡುತ್ತವೆ. ಕಂತು ಮತ್ತೂ ಏರುತ್ತದೆ. ಇತ್ತ, ವಿಮೆ ಮಾರುವ ಕಂಪನಿಯೂ ಸುಮ್ಮನಿರುವುದಿಲ್ಲ. ಕಾಯಿಲೆಯವರನ್ನು, ಮುದುಕರನ್ನು ಬಾಗಿಲಲ್ಲೇ ತಡೆಯುವುದು ಅದಕ್ಕೆ ಲಾಭ. ಕೊನೆಗೆ ಯಾರಿಗೆ ವಿಮೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ದೊರೆಯದಾಗುತ್ತದೆ.

ಈ ಬಿರುಕನ್ನು ಮುಚ್ಚಲು ಮೂರು ದಾರಿಗಳಿವೆ. ಎಲ್ಲರೂ ಸೇರಲೇಬೇಕೆಂದು ಕಾನೂನು ಮಾಡುವುದು ಒಂದು. ಮೊದಲೇ ಬೇರೆ ಕಾರಣಕ್ಕೆ ಒಂದುಗೂಡಿರುವ ಗುಂಪನ್ನು ಹಿಡಿದು ವಿಮೆಗೆ ಸೇರಿಸುವುದು ಇನ್ನೊಂದು. ಕಂತನ್ನು ಸರ್ಕಾರವೇ ತೆರಿಗೆಯ ಹಣದಿಂದ ತೆತ್ತು, ಜನರ ಹೆಸರನ್ನು ತಾನಾಗಿಯೇ ಪಟ್ಟಿಯಲ್ಲಿ ಬರೆದುಕೊಳ್ಳುವುದು ಮೂರನೆಯದು. ನಮ್ಮ ನಾಡು ಈ ಮೂರನ್ನೂ ಒಂದಾದ ಮೇಲೊಂದರಂತೆ ಪರೀಕ್ಷಿಸಿ ನೋಡಿದೆ. ಅವುಗಳನ್ನು ತೂಗುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಸರಳವಾದದ್ದು: ರೋಗಿಗೂ ಆಸ್ಪತ್ರೆಯ ಹಾಸಿಗೆಗೂ ನಡುವೆ ಎಷ್ಟು ಮೆಟ್ಟಿಲುಗಳಿವೆ? ಸುಧಾರಣೆ ಅವುಗಳಲ್ಲಿ ಎಷ್ಟನ್ನು ತೆಗೆಯಿತು, ಎಷ್ಟನ್ನು ಹೊಸದಾಗಿ ಕಟ್ಟಿತು?

ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ಮೂಲ ತತ್ತ್ವ. ತತ್ತ್ವ ಎಲ್ಲರನ್ನೂ ಕುರಿತದ್ದು. ಆದರೆ ಮೊದಲು ಬಾಗಿಲು ತೆರೆದದ್ದು ಸಂಬಳದಾರರಿಗೆ. 1948ರಲ್ಲಿ ನೌಕರರ ರಾಜ್ಯ ವಿಮಾ ಕಾನೂನು ಬಂದಿತು, ನಾವು ಇ.ಎಸ್.ಐ. ಎಂದು ಕರೆಯುವ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. 1954ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಪ್ರತ್ಯೇಕ ಯೋಜನೆಯಾಯಿತು. ಇ.ಎಸ್.ಐ. ಮೇಲೆ ಹೇಳಿದ ಮೊದಲನೆಯ ದಾರಿ. ಕಾರ್ಮಿಕನ ಇಷ್ಟಾನಿಷ್ಟದ ಪ್ರಶ್ನೆ ಇಲ್ಲ. ಸಂಬಳದಲ್ಲೇ ಕಂತು ಮುರಿಯುತ್ತಾರೆ, ಮಾಲಿಕನೂ ತನ್ನ ಪಾಲು ಸೇರಿಸುತ್ತಾನೆ. 2019ರ ಜುಲೈಯಲ್ಲಿ ಈ ಪಾಲುಗಳನ್ನು ಮಾಲಿಕನಿಗೆ ಶೇಕಡ 3.25, ಕಾರ್ಮಿಕನಿಗೆ ಶೇಕಡ 0.75 ಎಂದು ಇಳಿಸಲಾಯಿತು. ಮೆಟ್ಟಿಲು ಕಡಮೆಯೇ ಸರಿ. ಆದರೆ ಆ ಬಾಗಿಲಿರುವುದು ಕಾರ್ಖಾನೆಯ ಆವರಣದೊಳಗೆ. ಹೊಲ ಉಳುವವನು, ಬೀದಿಯಲ್ಲಿ ತರಕಾರಿ ಮಾರುವವಳು, ಮನೆಗೆಲಸದಾಕೆ ಇವರಿಗೆ ಹಾಜರಿ ಪುಸ್ತಕವೇ ಇಲ್ಲವೆಂದ ಮೇಲೆ ಕಂತನ್ನು ಮುರಿಯುವುದೆಲ್ಲಿಂದ?

ನಂತರ ಬಂದದ್ದು ಮಾರುಕಟ್ಟೆಯ ದಾರಿ. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು 'ಮೆಡಿಕ್ಲೇಮ್' ಎಂಬ ಪಾಲಿಸಿಯನ್ನು ಹೊರತಂದವು. 1999ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾನೂನಾಗಿ, ಖಾಸಗಿ ಕಂಪನಿಗಳಿಗೂ ದಾರಿ ತೆರೆಯಿತು. ಕೊಳ್ಳಬಲ್ಲವರಿಗೆ ಆಯ್ಕೆ ಹೆಚ್ಚಿತು ಎಂಬುದು ನಿಜ. ಆದರೆ ಕೊಳ್ಳುವುದಕ್ಕೆ ಮೂರು ಬೇಕು: ಹಣ, ಆರೋಗ್ಯ, ಓದುಬರಹ. ಸಣ್ಣ ಅಕ್ಷರದ ನಿಬಂಧನೆಗಳನ್ನು ಓದಿ ಅರ್ಥಮಾಡಿಕೊಳ್ಳುವ ಓದುಬರಹ ಎಂಬ ಅರ್ಥದಲ್ಲಿ ಹೇಳುತ್ತಿದ್ದೇನೆ. ಆ ಅರ್ಥದಲ್ಲಿ ನಮ್ಮಲ್ಲಿ ಅನೇಕ ಪದವೀಧರರೂ ನಿರಕ್ಷರಿಗಳೇ.

ಎರಡನೆಯ ದಾರಿಯನ್ನು, ಎಂದರೆ ಇದ್ದ ಗುಂಪನ್ನೇ ಹಿಡಿಯುವ ದಾರಿಯನ್ನು, ಕರ್ನಾಟಕ ಹೆಮ್ಮೆಪಡುವಂತೆ ತೋರಿಸಿಕೊಟ್ಟಿತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಚಿಂತನೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಬಲ ಕೂಡಿ 'ಯಶಸ್ವಿನಿ' ಯೋಜನೆ 2003ರ ಜೂನ್ ತಿಂಗಳಲ್ಲಿ ಕಾರ್ಯಕ್ಕೆ ಇಳಿಯಿತು. ಹಾಲಿನ ಡೇರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ಇವುಗಳ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಸಾಕು, ನೂರಾರು ಬಗೆಯ ಶಸ್ತ್ರಚಿಕಿತ್ಸೆಗಳು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅವನಿಗೆ ದೊರೆಯುತ್ತಿದ್ದವು. ಕಂಪನಿಯ ಏಜೆಂಟನನ್ನು ನಂಬದ ರೈತ ತನ್ನ ಸಂಘದ ಕಾರ್ಯದರ್ಶಿಯನ್ನು ನಂಬಿದ. ಮೊದಲ ವರ್ಷವೇ ಹದಿನಾರು ಲಕ್ಷದಷ್ಟು ಜನ ಸೇರಿದರು. ಆದರೆ ಮೂರನೆಯ ವರ್ಷಕ್ಕೆ ಕಂತು 60ರಿಂದ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಕುಸಿಯಿತು. ಪಟ್ಟಣದ ಓದುಗನಿಗೆ ವರ್ಷಕ್ಕೆ ಅರವತ್ತು ರೂಪಾಯಿ ಹೆಚ್ಚಾದದ್ದು ಒಂದು ಲೆಕ್ಕವೇ ಅಲ್ಲ. ಐದು ಜನರ ಬೇಸಾಯದ ಮನೆಗೆ ಅದು ಒಮ್ಮೆಗೇ ಮುನ್ನೂರು ರೂಪಾಯಿಯ ಹೆಚ್ಚುವರಿ ಭಾರ. ಅದೂ ಕಾಯಿಲೆ ಇನ್ನೂ ಬಾರದಿರುವಾಗ. ಕಂತು ಎಷ್ಟೇ ಚಿಕ್ಕದಾಗಿರಲಿ, ಅದೂ ಒಂದು ಮೆಟ್ಟಿಲೇ ಎಂಬುದನ್ನು ಯಶಸ್ವಿನಿ ಕಲಿಸಿತು. ಮುಂದೆ 2018ರಲ್ಲಿ ಅದು ಹೊಸ ಯೋಜನೆಯೊಂದರಲ್ಲಿ ವಿಲೀನವಾಗಿ ನಿಂತುಹೋಯಿತು. ಸಹಕಾರಿಗಳ ಒತ್ತಾಯದ ಮೇರೆಗೆ 2023ರ ಜನವರಿಯಲ್ಲಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಮಿತಿಯೊಡನೆ, ಮರುಹುಟ್ಟು ಪಡೆಯಿತು.

ಮೂರನೆಯ ದಾರಿಗೆ ಬರೋಣ. 2009ರಲ್ಲಿ ರಾಜ್ಯ ಸರ್ಕಾರ 'ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 2010ರಲ್ಲಿ 'ವಾಜಪೇಯಿ ಆರೋಗ್ಯಶ್ರೀ' ಯೋಜನೆ ಅಂದಿನ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾಗಿ, ಬೆಳಗಾವಿ ವಿಭಾಗಕ್ಕೂ ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟ ಗಾಯ ಮುಂತಾದ ದುಬಾರಿ ಚಿಕಿತ್ಸೆಗಳಿಗೆ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಇನ್ನೂ ಐವತ್ತು ಸಾವಿರ. ಇಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಮೊದಲನೆಯದು, ನಡುವೆ ವಿಮಾ ಕಂಪನಿಯೇ ಇಲ್ಲ. ಟ್ರಸ್ಟೇ ಆಸ್ಪತ್ರೆಗೆ ನೇರವಾಗಿ ಹಣ ಸಲ್ಲಿಸುತ್ತದೆ. ಆದ್ದರಿಂದ ಇದನ್ನು ವಿಮೆ ಎನ್ನುವುದಕ್ಕಿಂತ ಭರವಸೆ ಎನ್ನುವುದೇ ಸರಿ; ಆಡಳಿತದವರೂ ಆ ಅರ್ಥ ಕೊಡುವ ಮಾತನ್ನೇ ಬಳಸುತ್ತಾರೆ. ಎರಡನೆಯದು, ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ, ಕಂತು ಕಟ್ಟಬೇಕಾಗಿರಲಿಲ್ಲ. ಮನೆಯಲ್ಲಿದ್ದ ಪಡಿತರ ಚೀಟಿಯೇ ಸಾಕಾಗಿತ್ತು. ಹಳ್ಳಿಗಳ ಕಡೆ ತಪಾಸಣಾ ಶಿಬಿರಗಳನ್ನು ನಡೆಸಿ, ರೋಗಿಗಳನ್ನು ಗುರುತಿಸಿ, ನಗರದ ಆಸ್ಪತ್ರೆಗೆ ಕರೆತರುವ ಏರ್ಪಾಟೂ ಇತ್ತು.

ಇದರಿಂದ ಏನಾಯಿತು? ಯೋಜನೆ ತಲಪಿದ್ದ 300 ಹಳ್ಳಿಗಳನ್ನೂ ಇನ್ನೂ ತಲಪದಿದ್ದ ನೆರೆಯ 272 ಹಳ್ಳಿಗಳನ್ನೂ ಹೋಲಿಸಿ ವಿದ್ವಾಂಸರು ಅಧ್ಯಯನವೊಂದನ್ನು ನಡೆಸಿದರು. 2014ರಲ್ಲಿ ಅದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸುವ ಸಾವಿನ ಪ್ರಮಾಣ ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡ 64ರಷ್ಟು ಕಡಮೆಯಿತ್ತು. ವ್ಯಾಪ್ತಿಗೆ ಬಾರದ ಕಾಯಿಲೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಸುಧಾರಣೆಯೊಂದರ ಫಲವನ್ನು ಇಷ್ಟು ನಿಚ್ಚಳವಾಗಿ ಹೇಳುವ ಅಂಕಿಗಳು ಅಪರೂಪ. ನನ್ನ ಮಟ್ಟಿಗೆ ಇದರ ಅರ್ಥ ಇಷ್ಟು: ಚಿಕಿತ್ಸೆ ಉಚಿತವಾದದ್ದು ಮಾತ್ರವೇ ಜೀವ ಉಳಿಸಲಿಲ್ಲ, ಹೆಸರು ತಾನಾಗಿಯೇ ಪಟ್ಟಿಯಲ್ಲಿದ್ದದ್ದೂ, ಬಾಗಿಲು ತಾನಾಗಿಯೇ ಹಳ್ಳಿಯವರೆಗೆ ನಡೆದು ಬಂದದ್ದೂ ಉಳಿಸಿತು.

2018 ಈ ಕಥೆಯ ತಿರುವು. ಆ ವರ್ಷದ ಮಾರ್ಚ್ 2ರಂದು ಕರ್ನಾಟಕ ಸರ್ಕಾರ ಹಿಂದಿನ ಹಲವು ಯೋಜನೆಗಳನ್ನು ಒಂದುಗೂಡಿಸಿ 'ಆರೋಗ್ಯ ಕರ್ನಾಟಕ'ವನ್ನು ಜಾರಿಗೆ ತಂದಿತು. ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಕೇಂದ್ರದ 'ಆಯುಷ್ಮಾನ್ ಭಾರತ' ಯೋಜನೆ ಉದ್ಘಾಟನೆಯಾಯಿತು. ಅಕ್ಟೋಬರ್ ಕೊನೆಗೆ ಇವೆರಡೂ ಕೂಡಿ 'ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ' ಎಂಬ ಒಂದೇ ಯೋಜನೆಯಾದವು. ಕೇಂದ್ರದ ಯೋಜನೆ 2011ರ ಗಣತಿಯ ಆಧಾರದ ಮೇಲೆ ದೇಶದ 10.74 ಕೋಟಿ ಬಡ ಕುಟುಂಬಗಳನ್ನು ಹೆಸರಿಸಿತ್ತು. ಕರ್ನಾಟಕದ ನಿಲುವು ಅದಕ್ಕಿಂತ ಹಿರಿದಾಗಿತ್ತು: ರಾಜ್ಯದ ಪ್ರತಿಯೊಬ್ಬ ನಿವಾಸಿಯೂ ಒಂದಲ್ಲ ಒಂದು ರೀತಿಯಲ್ಲಿ ಒಳಗಿನವನೇ. ಸಂಬಳವಲ್ಲ, ಸಂಘದ ಸದಸ್ಯತ್ವವಲ್ಲ. ಇಲ್ಲಿ ವಾಸವಾಗಿರುವುದೇ ಆಧಾರ. ತತ್ತ್ವದಲ್ಲಿ ಇದು ಭೋರ್ ಸಮಿತಿಯ ಆಶಯಕ್ಕೆ ಬಹಳ ಹತ್ತಿರ ಬಂದ ಮಾತು.

ಆದರೆ 'ಒಂದಲ್ಲ ಒಂದು ರೀತಿ' ಎಂದೆನಲ್ಲ, ಅಲ್ಲಿಯೇ ಮೆಟ್ಟಿಲುಗಳಿರುವುದು. ಅವುಗಳನ್ನು ನನ್ನ ಬೀದಿಯ ಮೂರು ಮನೆಗಳಿಂದಲೇ ವಿವರಿಸುತ್ತೇನೆ.

ಮೊದಲನೆಯ ಮನೆ, ದೇವಸ್ಥಾನದ ಮುಂದೆ ಹೂ ಮಾರುವಾಕೆಯದು. ಆಕೆಯ ಬಳಿ ಬಿ.ಪಿ.ಎಲ್. ಪಡಿತರ ಚೀಟಿಯಿದೆ; ಆದ್ದರಿಂದ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಆಕೆಯ ಗಂಡನಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದಾಗ ಮನೆಯವರು ನೇರವಾಗಿ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದರು. ಅಲ್ಲಿ, 'ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತನ್ನಿ' ಎಂದರು. ಯೋಜನೆಯ ನಿಯಮವೇ ಹಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆಗೆ ಸೌಲಭ್ಯವಿಲ್ಲದಿದ್ದರೆ ಮಾತ್ರ ಖಾಸಗಿಗೆ ಕಳುಹಿಸುತ್ತಾರೆ. ತುರ್ತಿನ ಸುಮಾರು 170 ಚಿಕಿತ್ಸೆಗಳಿಗೆ ಈ ಚೀಟಿ ಬೇಕಿಲ್ಲ. ಕಾದು ಮಾಡಬಹುದಾದ ಉಳಿದವಕ್ಕೆ ಬೇಕು. ಆಕೆ ಜಿಲ್ಲಾ ಆಸ್ಪತ್ರೆಗೆ ಮೂರು ದಿನ ಅಲೆದಳು. ಮೂರು ದಿನದ ಹೂವಿನ ವ್ಯಾಪಾರ ಹೋಯಿತು. ಚೀಟಿ ದೊರೆಯಿತು, ಶಸ್ತ್ರಚಿಕಿತ್ಸೆಯೂ ಆಯಿತು, ಒಂದು ರೂಪಾಯಿಯನ್ನೂ ಆಸ್ಪತ್ರೆ ಕೇಳಲಿಲ್ಲ. ಇದು ಸುಧಾರಣೆಯ ಗೆಲುವೇ. ರೆಫರಲ್ ನಿಯಮಕ್ಕೂ ಅದರದೇ ನ್ಯಾಯವಿದೆ: ಅದಿಲ್ಲದಿದ್ದರೆ ಸಾರ್ವಜನಿಕ ಹಣವೆಲ್ಲ ಖಾಸಗಿ ಆಸ್ಪತ್ರೆಗಳಿಗೆ ಹರಿದು ಸರ್ಕಾರಿ ಆಸ್ಪತ್ರೆ ಬಡವಾಗುತ್ತದೆ, ಬೇಡದ ಶಸ್ತ್ರಚಿಕಿತ್ಸೆಗಳೂ ಹೆಚ್ಚುತ್ತವೆ. ಆದರೆ ನಗರದಲ್ಲಿರುವ ಈಕೆಗೆ ಮೂರು ದಿನವಾದರೆ, ಜಿಲ್ಲಾ ಕೇಂದ್ರದಿಂದ ನೂರು ಮೈಲಿ ದೂರದ ಗಡಿಯ ಹಳ್ಳಿಯವಳಿಗೆ ಎಷ್ಟು ದಿನವಾದೀತು ಎಂಬುದನ್ನು ನಿಯಮ ಬರೆಯುವವರು ಯೋಚಿಸಬೇಕು. ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಕಾರ್ಯಕರ್ತರಿರುತ್ತಾರೆ. ಕಾಗದಪತ್ರಗಳ ವಿಚಾರ ತಿಳಿಸುವುದೇ ಅವರ ಕೆಲಸ. ಆಕೆಗೆ ಕೊನೆಗೆ ದಾರಿ ತೋರಿಸಿದವರೂ ಅಂಥವರೊಬ್ಬರೇ. ಮೊದಲ ದಿನವೇ ಅವರನ್ನು ಕೇಳಬೇಕೆಂಬುದು ಆಕೆಗೆ ಯಾರಿಂದಲೂ ತಿಳಿದಿರಲಿಲ್ಲ.

ಎರಡನೆಯ ಮನೆ ದರ್ಜಿಯದು. ಸ್ವಂತ ಅಂಗಡಿ, ಎರಡು ಹೊಲಿಗೆ ಯಂತ್ರ, ವಯಸ್ಸು ಐವತ್ತೈದು. ಬಿ.ಪಿ.ಎಲ್. ಚೀಟಿಗೆ ನಮ್ಮ ರಾಜ್ಯ ಇಟ್ಟ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ, ಎಂದರೆ ತಿಂಗಳಿಗೆ ಹತ್ತು ಸಾವಿರ. ಆತನ ಸಂಪಾದನೆ ಅದನ್ನು ದಾಟುತ್ತದೆ. ಆದ್ದರಿಂದ ಆತನದು ಮೇಲಿನ ವರ್ಗದ ಚೀಟಿ. ಆ ವರ್ಗದವರಿಗೂ ಆರೋಗ್ಯ ಕರ್ನಾಟಕದಲ್ಲಿ ಸ್ಥಾನವಿದೆ. ಆದರೆ ಸರ್ಕಾರ ನಿಗದಿಪಡಿಸಿದ ಚಿಕಿತ್ಸಾ ದರದಲ್ಲಿ ಶೇಕಡ 30ನ್ನು ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಟ್ರಸ್ಟ್ ಭರಿಸುತ್ತದೆ. ಲೆಕ್ಕಕ್ಕೆಂದು, ಒಂದು ಚಿಕಿತ್ಸೆಯ ನಿಗದಿತ ದರ ಒಂದು ಲಕ್ಷವಾದರೆ ಸರ್ಕಾರದ ಪಾಲು ಮೂವತ್ತು ಸಾವಿರ, ದರ್ಜಿಯ ಪಾಲು ಎಪ್ಪತ್ತು ಸಾವಿರ. ಇದನ್ನು ನಿಕೃಷ್ಟವೆಂದು ತಳ್ಳಿಹಾಕುವಂತಿಲ್ಲ; ನಿಗದಿತ ದರ ಖಾಸಗಿ ಆಸ್ಪತ್ರೆಯ ಸ್ವಂತ ದರಕ್ಕಿಂತ ಬಹುಮಟ್ಟಿಗೆ ಕಡಮೆಯಿರುವುದೂ ಒಂದು ಉಪಕಾರವೇ. ಆದರೂ ತಿಂಗಳಿಗೆ ಹದಿನೈದು ಸಾವಿರ ದುಡಿಯುವವನು ಎಪ್ಪತ್ತು ಸಾವಿರವನ್ನು ಎಲ್ಲಿಂದ ತರಬೇಕು? ರೇಖೆಯ ಕೆಳಗೆ ಒಂಬತ್ತು ಸಾವಿರ ದುಡಿಯುವವನಿಗೆ ಪೂರ್ಣ ಆಸರೆ. ಮೇಲೆ ಹನ್ನೊಂದು ಸಾವಿರದವನಿಗೆ ಮೂರರಲ್ಲೊಂದು ಪಾಲಿಗೂ ಕಡಮೆ. ಬಡತನ ಬದುಕಿನಲ್ಲಿ ಇಳಿಜಾರಾಗಿರುತ್ತದೆ. ಕಡತದಲ್ಲಿ ಮಾತ್ರ ಅದು ಗೋಡೆಯಾಗುತ್ತದೆ.

ಈ ದರ್ಜಿ ಒಬ್ಬಂಟಿಯಲ್ಲ. ನೀತಿ ಆಯೋಗ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿ ಇಂಥವರನ್ನು 'ಕಾಣೆಯಾದ ಮಧ್ಯದವರು' ಎಂಬರ್ಥದ ಹೆಸರಿನಿಂದ ಗುರುತಿಸಿತು. ಸರ್ಕಾರ ಆಸರೆಯಾಗುವಷ್ಟು ಬಡವರಲ್ಲ, ಮಾರುಕಟ್ಟೆಯಲ್ಲಿ ಕೊಳ್ಳುವಷ್ಟು ಉಳ್ಳವರಲ್ಲ. ದೇಶದ ಜನಸಂಖ್ಯೆಯಲ್ಲಿ ಶೇಕಡ 30, ಎಂದರೆ ಸುಮಾರು 40 ಕೋಟಿ ಜನ, ಯಾವ ಆರೋಗ್ಯ ವಿಮೆಯೂ ಇಲ್ಲದವರು ಎಂದು ಆ ವರದಿ ಅಂದಾಜು ಮಾಡಿತು.

ಮೂರನೆಯ ಮನೆ ನನ್ನದು. ಕಾಲೇಜಿನ ಸೇವೆಯಲ್ಲಿದ್ದಷ್ಟು ದಿನ ಅಧ್ಯಾಪಕರೆಲ್ಲರನ್ನೂ ಸೇರಿಸಿದ ಗುಂಪು ವಿಮೆಯೊಂದಿತ್ತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಕೈಗೆ ಬಂದವು; ವಿಮೆ ಕೈಬಿಟ್ಟಿತು. ಮೂವತ್ತು ವರ್ಷ ಕಾಯಿಲೆ ಇಲ್ಲದೆ ಗುಂಪಿನ ಕಂತಿಗೆ ಪಾಲು ಕೊಟ್ಟು, ಕಾಯಿಲೆ ಬರುವ ವಯಸ್ಸಿಗೆ ಸರಿಯಾಗಿ ಹೊರಗಾಗುವುದು ನಮ್ಮ ಏರ್ಪಾಟಿನ ಒಂದು ವಿಚಿತ್ರ. ಅರವತ್ತು ದಾಟಿ, ರಕ್ತದೊತ್ತಡವನ್ನು ಹೊತ್ತು ನಾನು ಸ್ವಂತ ಪಾಲಿಸಿ ಕೊಳ್ಳಲು ಹೊರಟಾಗ ಇತ್ತೀಚಿನ ಸುಧಾರಣೆಗಳ ಅರ್ಥ ನನಗೆ ಪುಸ್ತಕದಿಂದಲ್ಲ, ಅನುಭವದಿಂದ ತಿಳಿಯಿತು.

ಅವು ಯಾವುವೆಂದು ಹೇಳಿಬಿಡುತ್ತೇನೆ. ಕೇಳುವವರಲ್ಲಿ ನನ್ನ ವಯಸ್ಸಿನವರು ಬಹಳ ಮಂದಿ ಇರಬಹುದು. ಹಿಂದೆ ವಿಮಾ ಕಂಪನಿಗಳು 65 ವರ್ಷದವರೆಗೆ ಹೊಸ ಪಾಲಿಸಿ ಕೊಟ್ಟರೆ ಸಾಕಿತ್ತು. ಅದರ ಮೇಲೆ ಕೊಡುವುದು ಅವುಗಳ ಇಷ್ಟ. 2024ರ ಏಪ್ರಿಲ್‌ನಿಂದ ಆ ವಯೋಮಿತಿ ತೆಗೆದುಹಾಕಿ, ಎಲ್ಲ ವಯಸ್ಸಿನವರಿಗೂ ಪಾಲಿಸಿಗಳಿರಬೇಕೆಂದು ವಿಮಾ ಪ್ರಾಧಿಕಾರ ವಿಧಿಸಿತು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಹಣ ಸಿಗಬೇಕಾದರೆ ಕಾಯಬೇಕಾದ ಅವಧಿ ಹೆಚ್ಚೆಂದರೆ 48 ತಿಂಗಳಿತ್ತು. ಅದು 36 ತಿಂಗಳಿಗೆ ಇಳಿಯಿತು. ಐದು ವರ್ಷ ಬಿಡದೆ ಪಾಲಿಸಿ ನಡೆಸಿಕೊಂಡು ಬಂದರೆ, ಆಮೇಲೆ 'ನೀವು ಮೊದಲು ಇದನ್ನು ತಿಳಿಸಿರಲಿಲ್ಲ' ಎಂಬ ನೆಪದಿಂದ ಕಂಪನಿ ಹಣ ನಿರಾಕರಿಸುವಂತಿಲ್ಲ, ವಂಚನೆ ರುಜುವಾದರೆ ಹೊರತು. ಈ ಅವಧಿ ಮುಂಚೆ ಎಂಟು ವರ್ಷವಿತ್ತು. ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಆಸ್ಪತ್ರೆಯಿಂದ ಬಿಡುಗಡೆಯ ಹೊತ್ತಿನ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಎಂದೂ ಅದೇ ವರ್ಷದ ಮೇ ತಿಂಗಳಲ್ಲಿ ಆದೇಶವಾಯಿತು. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರದೊಡನೆ ಮೊದಲು ಸಮಾಲೋಚಿಸಬೇಕೆಂಬ ನಿಯಮ ಬಂದಿತು. 2025ರ ಸೆಪ್ಟೆಂಬರ್ 22ರಿಂದ, ವ್ಯಕ್ತಿಗಳು ಕೊಳ್ಳುವ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ. ತೆರಿಗೆ ರದ್ದಾಯಿತು. ನಲವತ್ತು ಸಾವಿರದ ಕಂತಿಗೆ ಅದುವರೆಗೆ ತೆರಿಗೆಯೇ 7,200 ರೂಪಾಯಿಯಾಗುತ್ತಿತ್ತು.

ಇವೆಲ್ಲವೂ ಒಳ್ಳೆಯ ಹೆಜ್ಜೆಗಳೇ. ನನಗೆ ಪಾಲಿಸಿ ಸಿಕ್ಕಿತು. ಆದರೆ ಅದರ ಕಂತು ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರುತ್ತದೆ. ರಕ್ತದೊತ್ತಡದಿಂದ ಬರಬಹುದಾದ ತೊಂದರೆಗಳಿಗೆ ಕಾಯುವ ಅವಧಿ ಇನ್ನೂ ಮುಗಿದಿಲ್ಲ. ಬಾಗಿಲಿಗೆ ಹಾಕಿದ್ದ ಅಗುಳಿಯನ್ನು ತೆಗೆದಿದ್ದಾರೆ. ಬಾಗಿಲು ಇರುವ ಎತ್ತರವನ್ನು ಇಳಿಸಿಲ್ಲ. ಮಾರುಕಟ್ಟೆಯ ಸುಧಾರಣೆಗೂ ಸರ್ಕಾರದ ಭರವಸೆಗೂ ಇರುವ ವ್ಯತ್ಯಾಸ ಇದೇ. ಮೊದಲನೆಯದು 'ನಿನಗೆ ಇಲ್ಲವೆನ್ನುವಂತಿಲ್ಲ' ಎನ್ನುತ್ತದೆ. ಎರಡನೆಯದು 'ನಿನ್ನ ಹೆಸರು ಆಗಲೇ ಇದೆ' ಎನ್ನುತ್ತದೆ.

ಎಪ್ಪತ್ತು ದಾಟಿದವರಿಗೆ ಈ ಎರಡನೆಯ ಮಾತನ್ನು ಹೇಳಲು ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಅಕ್ಟೋಬರ್ 29ರಂದು ಅದು ಆರಂಭವಾಯಿತು. ಆದಾಯ ಎಷ್ಟೇ ಇರಲಿ, ಎಪ್ಪತ್ತಾದವರಿಗೆ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಆಸರೆ. ಖಾಸಗಿ ಪಾಲಿಸಿ ಇದ್ದರೂ ಅಡ್ಡಿಯಿಲ್ಲ. ಸುಮಾರು ಆರು ಕೋಟಿ ಹಿರಿಯರಿಗೆ ಇದು ಅನ್ವಯಿಸುವುದೆಂದು ಸರ್ಕಾರ ಲೆಕ್ಕ ಹೇಳಿತು. ಕೇಂದ್ರ ಮತ್ತು ರಾಜ್ಯಗಳು ವೆಚ್ಚವನ್ನು ಹಂಚಿಕೊಂಡು, ರಾಜ್ಯಗಳ ಮೂಲಕವೇ ಇದು ಜನರನ್ನು ಮುಟ್ಟಬೇಕಾಗಿದೆ. ವಯಸ್ಸು ಎಂಬುದು ಸುಳ್ಳು ಹೇಳಲು ಬಾರದ, ಗೋಡೆ ಕಟ್ಟಲು ಬಾರದ ಆಧಾರ. ಆದರೆ ಅರವತ್ತಕ್ಕೆ ನಿವೃತ್ತಿ, ಎಪ್ಪತ್ತಕ್ಕೆ ಆಸರೆ. ನಡುವಣ ಹತ್ತು ವರ್ಷ? ನನ್ನಂಥವರೂ, ಇನ್ನೈದು ವರ್ಷಕ್ಕೆ ಆ ದರ್ಜಿಯೂ, ಈ ಹತ್ತು ವರ್ಷದ ಸೇತುವೆಯಿಲ್ಲದ ಹೊಳೆಯನ್ನು ತಮ್ಮ ತಮ್ಮ ತೋಳಬಲದಿಂದಲೇ ಈಜಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ವಿವರಣೆ ಅಪೂರ್ಣವಾಗುತ್ತದೆ. ಈ ಯೋಜನೆಗಳಲ್ಲಿ ಬಹುಪಾಲು ಆಸ್ಪತ್ರೆಗೆ ದಾಖಲಾದವರಿಗೆ ಸಂಬಂಧಿಸಿದವು. ಸಕ್ಕರೆ ಕಾಯಿಲೆಯ ಮಾತ್ರೆ, ತಿಂಗಳ ರಕ್ತಪರೀಕ್ಷೆ, ವೈದ್ಯರ ಸಂದರ್ಶನ ಶುಲ್ಕ ಇವು ಹೆಚ್ಚಾಗಿ ಹೊರಗುಳಿಯುತ್ತವೆ. ಮನೆಯನ್ನು ಒಮ್ಮೆಗೇ ಕೆಡಹುವುದು ಶಸ್ತ್ರಚಿಕಿತ್ಸೆಯಾದರೂ, ದಿನದಿನವೂ ಸವೆಸುವುದು ಮಾತ್ರೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇಕಡ 64.2 ಇದ್ದದ್ದು 2021-22ರ ಹೊತ್ತಿಗೆ ಶೇಕಡ 39.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಗಳು ಹೇಳುತ್ತವೆ. ಇಳಿಕೆ ಸಮಾಧಾನಕರ. ಆದರೂ ನೂರರಲ್ಲಿ ಮೂವತ್ತೊಂಬತ್ತು ರೂಪಾಯಿ ರೋಗಿಯ ಜೇಬಿನಿಂದ, ರೋಗಿ ಎಲ್ಲಕ್ಕಿಂತ ದುರ್ಬಲನಾಗಿರುವ ಗಳಿಗೆಯಲ್ಲೇ ಹೋಗುತ್ತಿದೆ.

ಹಾಗಾದರೆ ಸಾಮಾನ್ಯ ನಿವಾಸಿ ಏನು ಮಾಡಬೇಕು? ಕಾಯಿಲೆ ಬರುವ ಮೊದಲೇ ತನ್ನ ಮೆಟ್ಟಿಲು ಯಾವುದೆಂದು ತಿಳಿದಿಟ್ಟುಕೊಳ್ಳಬೇಕು. ಪಡಿತರ ಚೀಟಿಯಲ್ಲಿ ಮನೆಯ ಎಲ್ಲರ ಹೆಸರೂ ಸರಿಯಾಗಿದೆಯೇ? ಹೊಸ ಸೊಸೆಯ, ಹುಟ್ಟಿದ ಮಗುವಿನ ಹೆಸರು ಸೇರಿದೆಯೇ? ಹತ್ತಿರದ ಯಾವ ಆಸ್ಪತ್ರೆ ಯೋಜನೆಯಲ್ಲಿದೆ? ಸಹಕಾರ ಸಂಘದ ಸದಸ್ಯತ್ವವಿದ್ದರೆ ಯಶಸ್ವಿನಿಯ ನೋಂದಣಿ ಯಾವಾಗ? ಖಾಸಗಿ ಪಾಲಿಸಿ ಇದ್ದವರು ಕಂತಿನ ದಿನ ತಪ್ಪಿಸಬಾರದು. ತಪ್ಪಿದರೆ ಕಾದ ತಿಂಗಳುಗಳೆಲ್ಲ ವ್ಯರ್ಥವಾಗಬಹುದು. ಹಳೆಯ ಕಾಯಿಲೆಯನ್ನು ಮುಚ್ಚಿಡಬಾರದು. ಕಂಪನಿ ಅನ್ಯಾಯವಾಗಿ ಹಣ ನಿರಾಕರಿಸಿದರೆ, ಮೊದಲು ಅದಕ್ಕೆ ಬರೆದು, ಅಲ್ಲಿ ನ್ಯಾಯ ದೊರೆಯದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟು ಮಾಡುವುದು ನಮ್ಮ ಪಾಲಿನ ಕೆಲಸ. ಆದರೆ ಎಲ್ಲವನ್ನೂ ನಿವಾಸಿಯ ಎಚ್ಚರದ ಮೇಲೆಯೇ ಹೊರಿಸಿಬಿಟ್ಟರೆ ಅದು ಸುಧಾರಣೆಯಾಗದು. ಓದು ಬಲ್ಲವನು ಮೆಟ್ಟಿಲನ್ನು ಹೇಗೋ ಹತ್ತಿಯಾನು. ಹೂ ಮಾರುವಾಕೆಗೆ ಮೂರು ದಿನದ ಬದಲು ಮೂರು ಗಂಟೆಯಲ್ಲಿ ಚೀಟಿ ಸಿಗುವಂತಾಗಬೇಕು. ದರ್ಜಿಗೆ ಮೂವತ್ತರ ಬದಲು ಅವನ ಶಕ್ತಿಗೆ ತಕ್ಕ ಪಾಲು, ಬೇಕಾದರೆ ಅವನಿಂದ ಚಿಕ್ಕ ಕಂತು ಪಡೆದೇ, ದೊರೆಯುವಂತಾಗಬೇಕು. ನಿವೃತ್ತನಾದವನು ಹಳೆಯ ಗುಂಪಿನಲ್ಲೇ ಕಂತು ಕೊಟ್ಟು ಮುಂದುವರಿಯುವ ಹಕ್ಕು ಪಡೆಯಬೇಕು. ಇವಾವುವೂ ಅಸಾಧ್ಯದ ಬಯಕೆಗಳಲ್ಲ. ಅರ್ಜಿಯೇ ಇಲ್ಲದೆ ಬಾಗಿಲು ತೆರೆದು ತೋರಿಸಿದ ರಾಜ್ಯ ನಮ್ಮದು. ಮುಂದಿನ ಯೋಜನೆಯ ಹೆಸರು ಏನೇ ಇರಲಿ, ಅದನ್ನು ಪ್ರಕಟಿಸುವ ದಿನ ನಾವು ಎಷ್ಟು ಲಕ್ಷ ಎಂದು ಕೇಳುವ ಮೊದಲು ಎಷ್ಟು ಮೆಟ್ಟಿಲು ಎಂದು ಕೇಳೋಣ.